ಗುರುತು ಒರೆಸುವವನು

ಚಿಕ್ಕಪ್ಪ ನೀರು ಕುಡಿಯುವ ಸದ್ದಿಗೆ ಶೈಲಜಳಿಗೆ ಎಚ್ಚರವಾಯಿತು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಗೋಡೆಯಾಚೆ ಕೊಡದ ಮುಚ್ಚಳ ಸರಿಸಿದ ಸದ್ದು, ಚೊಂಬು ಅದ್ದಿದ ಸದ್ದು, ಆಮೇಲೆ ಗಂಟಲಿನಲ್ಲಿ ನೀರಿಳಿಯುವ ಗುಟುಕು ಗುಟುಕು ಸದ್ದು. ಒಂದು ಚೊಂಬು ಮುಗಿಯಿತು. ಇನ್ನೊಂದಕ್ಕೆ ಅದ್ದಿದ. ಸಾಕು, ಇಲ್ಲಿಗೆ ಸಾಕು ಮಾಡಲಿ ಎಂದು ಅವಳು ಕಂಬಳಿಯೊಳಗೆ ಮೊಣಕಾಲು ಮಡಚಿಕೊಂಡು ಬೇಡಿಕೊಂಡಳು. ಚೊಂಬು ಮತ್ತೆ ಕೊಡದ ಅಂಚಿಗೆ ತಾಗಿತು. ಬೇಸಿಗೆ ಬಂತಲ್ಲವೇ, ಸೆಕೆಗೆ ಯಾರಿಗಾದರೂ ಬಾಯಾರುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಕಂಬಳಿ ಬಿಟ್ಟು ಏಳಲಾಗದಷ್ಟು ಚಳಿಯಿದ್ದ ಆ ಬೆಳಗಿನಲ್ಲಿ ಆ ಸಮಾಧಾನ ಅವಳಿಗೇ ನಗೆಪಾಟಲಾಗಿ ಕೇಳಿಸಿತು. ಹಿತ್ತಿಲ ಬಾಗಿಲು ತೆರೆಯಿತು. ಚಿಕ್ಕಪ್ಪ ಬಚ್ಚಲ ಕಡೆಗೆ ಹೋದ. ಹಿಂದಿನ ರಾತ್ರಿ ಅವನು ಹಾಗೆ ಎಷ್ಟು ಸಲ ಎದ್ದು ಹೋಗಿ ಬಂದನೋ ಅವಳು ಎಣಿಸಿರಲಿಲ್ಲ. ಎಣಿಸಬಾರದೆಂದೇ ಕಿವಿಗೆ ದಿಂಬು ಒತ್ತಿಕೊಂಡು ಮಲಗಿದ್ದಳು.

ಅಡಿಗೆಮನೆಯಲ್ಲಿ ಚಿಕ್ಕಮ್ಮ ಕಷಾಯಕ್ಕೆ ಇಟ್ಟಿದ್ದಳು. ತೊಗಟೆ ಕುದಿಯುವ ಒಗರು ವಾಸನೆ ನಡುಮನೆಯವರೆಗೂ ಹಬ್ಬಿತ್ತು. ಈಚೆಗೆ ಶೈಲಜ ಮೊದಲ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಕಷಾಯ ಲೋಟಕ್ಕಿಳಿದು ಚಿಕ್ಕಪ್ಪನ ಬಾಯಿಗೆ ಹೋಗುವುದನ್ನು ನೋಡಲಾರದೆ. “ಏನ್ ಮೋಳೆ, ಆಪೀಸು ನಿನ್ ತಲೆ ಮ್ಯಾಲೆ ನಿಂತದಾ? ಇಡ್ಲಿ ಆದ್ರೂ ತಿನ್ನು” ಎಂದು ಚಿಕ್ಕಮ್ಮ ತಟ್ಟೆ ಹಿಡಿದುಕೊಂಡೇ ಬಾಗಿಲಿನವರೆಗೆ ಬಂದಳು. ಮಗಳೇ ಎನ್ನುವುದಕ್ಕೆ ಆ ಮನೆಯಲ್ಲಿ ಮಲಯಾಳದ ಮೋಳೆಯೇ ರೂಢಿ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗಿಯನ್ನು ತಂದು ಸಾಕಿ, ಎಂ.ಎಸ್ಸಿ.ವರೆಗೆ ಓದಿಸಿದವರು ಇವರಿಬ್ಬರು. ಚಿಕ್ಕಪ್ಪ ಬಸವಯ್ಯ ಆಗಲೇ ಜಗಲಿಯ ಮೇಲೆ ಕೂತಿದ್ದ. ಮನೆಯ ಮುಂಭಾಗವೇ ಅವನ ಅಂಗಡಿ. ಗಡಿಯಾಚೆ ಮಲಯಾಳ ಸೀಮೆಯ ಕಲ್ಲೂರಿನ ಸುತ್ತಮುತ್ತಲ ಕರಿಮೆಣಸು, ಶುಂಠಿ ಕೊಂಡು ಮಾರುವುದು ಅವನ ವ್ಯಾಪಾರ. ಅವಳನ್ನು ಕಂಡವನೇ ಎದ್ದು ನಿಂತು ಹೊಟ್ಟೆ ತಟ್ಟಿ ತೋರಿಸಿದ.

“ನೋಡು, ಹೆಂಗ್ ಇಳ್ದದೆ. ಚುಚ್ಕಂಡು ಚುಚ್ಕಂಡು ಮೈಯೆಲ್ಲ ಜರಡಿ ಆಗಿತ್ತು. ಈಗ ಹೂವಿನಂಗೆ ಹಗುರಾಗದೆ.”

ಪಂಚೆ ಅವನ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸುತ್ತು ಹೆಚ್ಚಾಗಿ ಸುತ್ತಿ, ಮೇಲೆ ಬೆಲ್ಟು ಬಿಗಿದಿದ್ದ. ಕೊರಳೆಲುಬು ಎದ್ದು ಕಾಣುತ್ತಿತ್ತು. ಕಾಲಿನ ಹೆಬ್ಬೆರಳಿಗೆ ಚೀಲದ ಕೊಕ್ಕೆ ತಾಗಿ ಆದ ಗಾಯಕ್ಕೆ ಬಟ್ಟೆ ಸುತ್ತಿದ್ದ; ಬಟ್ಟೆ ಒದ್ದೆಯಾಗಿತ್ತು. ಹೇಳಬೇಕು ಎಂದುಕೊಂಡಳು. ಈಗಲೇ, ಚಪ್ಪಲಿ ಮೆಟ್ಟುವ ಮುಂಚೆ. ಬಾಯಿಂದ ಬಂದದ್ದು ಬೇರೆಯೇ ಮಾತು.

“ಒಂದ್ಸಲ ಬತ್ತೇರಿಗೆ ಹೋಗಿ ರಕ್ತ ತೋರಿಸ್ಬರ್ಬೋದಲ್ಲ ಚಿಕ್ಕಪ್ಪ.”

“ಯಾಕೆ? ನೀನೇ ಲ್ಯಾಬಲ್ಲಿ ಕಣ್ಣಾರೆ ನೋಡ್ದೋಳು. ನಿಂಗಿಂತ ದೊಡ್ಡೋರು ಯಾರವ್ರೆ ಆಸ್ಪತ್ರೇಲಿ?” ಎಂದು ನಕ್ಕ. ಅವನು ಹಾಗೆ ನಂಬಿ ನಗುವಾಗ ಅವಳಿಗೆ ಭಯವಾಗುತ್ತಿತ್ತು. ಬೈದಿದ್ದರೆ, ಅನುಮಾನಪಟ್ಟಿದ್ದರೆ, ಹೇಳಿಬಿಡಬಹುದಿತ್ತೇನೋ. ಬಸ್ಸಿನ ಹಾರನ್ನು ಕೇಳಿತು. ಓಡಿದಳು, ತಪ್ಪಿಸಿಕೊಂಡವಳ ಹಾಗೆ ಓಡಿದಳು ಎಂದು ಬಸ್ಸು ಹತ್ತಿದ ಮೇಲೆ ಅವಳಿಗೆ ಅನ್ನಿಸಿತು.

ಎಲ್ಲ ಶುರುವಾದದ್ದು ಚೀಲದ ಮಾತಿನಿಂದ. ಅವಳು ಕೆಲಸ ಮಾಡುವ ಸಂಶೋಧನಾ ಕೇಂದ್ರ ಬತ್ತೇರಿ ದಾಟಿ ಪನಮರಂ ದಾರಿಯಲ್ಲಿ, ಭತ್ತದ ಬಯಲಿನ ಅಂಚಿಗಿದೆ. ಕಾಡಿನ ಗಿಡಗಳಲ್ಲಿ ಔಷಧಿಯ ಗುಣ ಹುಡುಕುವುದು ಅಲ್ಲಿನ ಕೆಲಸ. ಅದಕ್ಕೆಂದು ಬೆಂಗಳೂರಿನಿಂದ ಒಂದು ಎಂಜೈಮು ತರಿಸುತ್ತಿದ್ದರು. ಮನುಷ್ಯನ ಜೀವಕೋಶದಲ್ಲಿ ಇರುವಂಥದೇ, ಆದರೆ ಮನುಷ್ಯನ ಮೈಯಿಂದ ತೆಗೆದದ್ದಲ್ಲ. ನಮ್ಮ ಜೀನನ್ನು ಬ್ಯಾಕ್ಟೀರಿಯಾದ ಹೊಟ್ಟೆಗೆ ಸೇರಿಸಿ, ಅದರಿಂದ ಮಾಡಿಸಿ, ಸೋಸಿ ತೆಗೆದದ್ದು. ಫಾಸ್ಫಟೇಸ್ ಎಂದು ಹೆಸರು. ಅದೇನು ಮಾಡುತ್ತದೆ ಎಂದು ಒಂದು ಸಂಜೆ ಚಿಕ್ಕಪ್ಪ ಕೇಳಿದಾಗ ಅವಳು ಬಹಳ ಹುರುಪಿನಿಂದ ವಿವರಿಸಿದ್ದಳು. “ನೀನು ಮೆಣಸಿನ ಚೀಲಕ್ಕೆ ಸುಣ್ಣದ ಗುರುತು ಹಾಕ್ತೀಯಲ್ಲ, ಗುರುತು ನೋಡಿ ಲಾರಿಗೆ ಏರಿಸ್ತಾರಲ್ಲ. ಇನ್ಸುಲಿನ್ ಬಂದ್ರೆ ಜೀವಕೋಶದ ಒಳಗೂ ಹಂಗೇ ಗುರುತು ಬೀಳ್ತದೆ, ಸಕ್ಕರೆ ಒಳಕ್ಕೆ ತಕೊಳ್ಳಿ ಅಂತ. ಇವನು ಹಿಂದಿಂದೆ ಬಂದು ಗುರುತು ಒರೆಸ್ತಾ ಹೋಗೋನು.” ಚಿಕ್ಕಪ್ಪನಿಗೆ ತಕ್ಷಣ ಅರ್ಥವಾಯಿತು. ಅಂಥವನೊಬ್ಬ ಪನಮರಂ ಸಂತೆಯಲ್ಲೂ ಇದ್ದನಂತೆ, ಇವನ ಗುರುತು ಅಳಿಸಿ ತನ್ನದು ಹಾಕುತ್ತಿದ್ದನಂತೆ. ಆವತ್ತಿನಿಂದ ಎಂಜೈಮಿಗೆ ಅವರ ಮನೆಯಲ್ಲಿ ಒರೆಸೋನು ಎಂದೇ ಹೆಸರಾಯಿತು. ಲ್ಯಾಬಿನಿಂದ ಬಂದರೆ ಚಿಕ್ಕಮ್ಮ ಕೂಡ, ಏನಂತೆ ನಿನ್ನ ಒರೆಸೋನು, ಎಂದು ಕೇಳುವಳು. ಒಂದು ಬಳ್ಳಿಯ ತೊಗಟೆಯ ಸಾರ ಹಾಕಿದ ದಿನ ಎಂಜೈಮು ಅಲ್ಲಾಡಲಿಲ್ಲ. ಮನೆಗೆ ಬಂದವಳು ಕೈಕಾಲು ತೊಳೆಯದೆ, “ತೊಗಟೆ ಒರೆಸೋನ ಕೈ ಕಟ್ಟಿಹಾಕ್ತು ಚಿಕ್ಕಪ್ಪ” ಎಂದಳು. ಆಗ ಚಿಕ್ಕಪ್ಪನ ಕೈಯಲ್ಲಿ ಇನ್ಸುಲಿನ್ ಸೂಜಿಯಿತ್ತು. ವರ್ಷಗಳಿಂದ ದಿನಕ್ಕೆರಡು ಸಲ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಚುಚ್ಚಿಕೊಳ್ಳುತ್ತಿದ್ದ ಸೂಜಿ. ಅವನು ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ. ಇನ್ನೂ ಏನೂ ಖಚಿತ ಇಲ್ಲ ಎಂದು ಅವಳು ಹೇಳದೆ ಇರಲಿಲ್ಲ. ಹೇಳಿದ್ದಳು, ಆ ಖುಷಿಯ ಗಳಿಗೆ ಕೆಡದಷ್ಟು ಮೆತ್ತಗಿನ ದನಿಯಲ್ಲಿ.

ವಾರ ಕಳೆಯುವುದರೊಳಗೆ ಕಾಡಿನಿಂದ ಜೇನು, ಸೀಗೆ ತರುವ ಹೆಂಗಸರು ಬಸವಯ್ಯನ ಅಂಗಡಿಗೆ ಆ ಬಳ್ಳಿಯ ತೊಗಟೆಯನ್ನೂ ತಂದು ಹಾಕತೊಡಗಿದರು. ಅವನು ಸೂಜಿ ಬಿಟ್ಟು ಅದರ ಕಷಾಯ ಕುಡಿಯತೊಡಗಿದ. ತೊಗಟೆಯನ್ನು ಮಾರಲಿಲ್ಲ, ಹಂಚಿದ. ಸಕ್ಕರೆ ಕಾಯಿಲೆಯೆಂದು ಬಾಯಿ ಬಿಟ್ಟವರಿಗೆಲ್ಲ ಒಂದೊಂದು ಹಿಡಿ ಕಟ್ಟಿಕೊಟ್ಟು, ನಮ್ಮ ಮಗಳು ಕಂಡುಹಿಡಿದದ್ದು ಎಂದು ಡಂಗುರ ಹೊಡೆದ. ಈಗ ಬಸ್ಸಿನ ಕಿಟಕಿಯಾಚೆ ಸರಿಯುವ ಒಂದೊಂದು ಮನೆಯೂ ಅವಳನ್ನು ಹೆದರಿಸುತ್ತಿತ್ತು. ಯಾರ ಮನೆಯ ಒಲೆಯ ಮೇಲೆ ಆ ತೊಗಟೆ ಕುದಿಯುತ್ತಿದೆಯೋ.

ತೊಗಟೆ ಯಾರ ಕೈಯನ್ನೂ ಕಟ್ಟಿರಲಿಲ್ಲ. ಎಂಜೈಮೇ ಸತ್ತಿತ್ತು. ಅದನ್ನು ಹೀಗೆ ಎರಡು ಮಾತಿನಲ್ಲಿ ಹೇಳಿಕೊಳ್ಳಲು ಅವಳಿಗೆ ಎಷ್ಟೋ ದಿನ ಹಿಡಿಯಿತು. ಎಂಜೈಮಿನ ಹೊಸ ಸೀಸೆ ಬಂದದ್ದು ಒಂದು ಶನಿವಾರದ ಸಂಜೆ. ರಾತ್ರಿ ಕಾಡಿನ ರಸ್ತೆ ಮುಚ್ಚುತ್ತಾರೆಂದು ಬೆಂಗಳೂರಿನ ಕೊರಿಯರಿನವನು ಹೇಗೋ ಹೊತ್ತು ಮುಳುಗುವ ಮುನ್ನ ಗಡಿಯ ಮುತ್ತಂಗ ದಾಟಿ ಬಂದಿದ್ದ. ಕೇಂದ್ರಕ್ಕೆ ಬಾಗಿಲು ಹಾಕಿಯಾಗಿತ್ತು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಸುಧೀಷ್ ಫೋನು ಮಾಡಿ, ನಿಮ್ಮ ಮನೆ ಹೈವೇ ಮೇಲೇ ಇದೆಯಲ್ಲ, ಇಳಿಸಿಕೊಳ್ಳಿ, ಪೆಟ್ಟಿಗೆ ತುಂಬ ಒಣ ಐಸು ಇರುತ್ತದೆ, ಸೋಮವಾರ ತಂದರಾಯಿತು ಎಂದರು. ಥರ್ಮಕೋಲಿನ ಬಿಳಿ ಪೆಟ್ಟಿಗೆ. ಭಾನುವಾರ ಬೆಳಗ್ಗೆ ಅವಳು ಗೆಳತಿಯ ನಿಶ್ಚಿತಾರ್ಥಕ್ಕೆ ಹೋಗಿ ಮಧ್ಯಾಹ್ನದ ಮೇಲೆ ಬಂದು ನೋಡಿದರೆ ಪೆಟ್ಟಿಗೆ ದೇವರ ಗೂಡಿನ ಮುಂದಿತ್ತು. ಮನೆಗೆ ಬಂದ ಹೊಸ ವಸ್ತು ಯಾವುದೇ ಆಗಲಿ, ಮಿಕ್ಸಿಯಿಂದ ಹಿಡಿದು ಅವಳ ಡಿಗ್ರಿ ಸರ್ಟಿಫಿಕೇಟಿನವರೆಗೆ, ಮೊದಲು ಮಾದಪ್ಪನ ಪಟದ ಮುಂದೆ ಕೂರಬೇಕು. ಮುಚ್ಚಿದ್ದು ಕೂರಬಾರದು, ದೇವರಿಗೆ ಕಾಣುವ ಹಾಗೆ ಬಿಚ್ಚಿಡಬೇಕು. ಗುಂಡ್ಲುಪೇಟೆ ಕಡೆಯಿಂದ ಮುತ್ತಜ್ಜಂದಿರು ಬರುವಾಗ ಹೊತ್ತು ತಂದ ನೇಮ ಇದು. ಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿತ್ತು. ಐಸೆಲ್ಲ ಹೊಗೆಯಾಗಿ ಹೋಗಿ ತಳದಲ್ಲಿ ನಾಲ್ಕು ಚೂರು ಉಳಿದಿದ್ದವು. ಕಿರುಬೆರಳಿನಷ್ಟೂ ಇಲ್ಲದ ಪುಟ್ಟ ಸೀಸೆ ಉರಿಯುವ ದೀಪದ ಪಕ್ಕ ವೀಳ್ಯದೆಲೆಯ ಮೇಲೆ ನಿಂತಿತ್ತು. ಅದರ ಮುಚ್ಚಳಕ್ಕೆ ಕುಂಕುಮ ಇಟ್ಟಿತ್ತು.

“ಹೆಂಗ್ ಹೊಗೆ ಬತ್ತಿತ್ತು ಗೊತ್ತಾ? ಮಾದಪ್ಪನೇ ಧೂಪ ಹಾಕ್ದಂಗೆ” ಎಂದು ಚಿಕ್ಕಮ್ಮ ಕೈಮುಗಿದಳು. ಶೈಲಜ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಒಳಗಿನದು ನೀರಾಗಿ ಅತ್ತಿತ್ತ ತುಳುಕಿತು. “ಇದು ಐಸಲ್ಲೇ ಇರ್ಬೇಕು ಚಿಕ್ಕಮ್ಮ, ಇಂಥದೆಲ್ಲ ಐಸಲ್ಲೇ ಇರ್ಬೇಕು” ಎಂದು ಕೂಗಿ, ಚಿಕ್ಕಮ್ಮನ ಮುಖ ಸಣ್ಣಗಾದದ್ದು ಕಂಡು, ಪರವಾಗಿಲ್ಲ ಬಿಡು ಎಂದಳು. ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ಸೋಮವಾರ ಲ್ಯಾಬಿನ ದೊಡ್ಡ ಫ್ರೀಜರಿಗೆ ಸೇರಿಸಿದಳು. ಗಟ್ಟಿಯಾದ ಮೇಲೆ ಅದು ಉಳಿದ ಸೀಸೆಗಳಂತೆಯೇ ಕಂಡಿತು. ಸುಧೀಷ್ ಕೇಳಿದ್ದು, ಬಂತಾ ಎಂದು. ಬಂತು ಸರ್ ಎಂದಳು. ಅದರಲ್ಲಿ ಸುಳ್ಳೇನಿತ್ತು?

ಇಂಥ ಪರೀಕ್ಷೆ ಮಾಡುವಾಗ ಪ್ರತಿ ಸಲವೂ ತೊಗಟೆಯ ಸಾರ ಹಾಕದ, ಕಂಟ್ರೋಲು ಎನ್ನುವ ಒಂದು ಸಾಲು ಜೊತೆಗೆ ನಡೆಯಬೇಕು. ಎಂಜೈಮು ಬದುಕಿದ್ದರೆ ಪ್ಲಾಸ್ಟಿಕ್ ತಟ್ಟೆಯ ಆ ಸಾಲಿನ ಕುಳಿಗಳಲ್ಲಿ ಬಣ್ಣವಿಲ್ಲದ ನೀರು ಹಳದಿಗೆ ತಿರುಗುತ್ತದೆ. ಇದು ಓದುವ ಮಕ್ಕಳಿಗೂ ಗೊತ್ತಿರುವ ಪಾಠ. ಆದರೆ ಸೀಸೆಯಲ್ಲಿದ್ದದ್ದು ಕೆಲವು ಹನಿ. ಹಳೆಯ ಸೀಸೆಯಲ್ಲಿ ಆ ಸಾಲು ಚೆನ್ನಾಗಿ ಹಳದಿ ಬಂದಿದೆಯಲ್ಲ, ಅದನ್ನೇ ಇಟ್ಟುಕೊಂಡು ಹೋಲಿಸೋಣ, ಹೊಸದನ್ನು ಪೋಲು ಮಾಡುವುದು ಬೇಡ ಎಂದು ಸುಧೀಷ್ ಹೇಳಿದರು. ಅವರು ಹಾಗೆ ಹೇಳಿದಾಗ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸಾರ ಹಾಕಿದ ಕುಳಿಗಳಲ್ಲಿ ಹಳದಿ ಬಾರದೆ ಹೋದಾಗ ಎಲ್ಲರಿಗಿಂತ ಮೊದಲು ಕುಣಿದಾಡಿದ್ದೂ ಅವಳೇ. ದೀಪದ ಪಕ್ಕದ ಸೀಸೆ ಆಗ ಅವಳ ನೆನಪಿಗೆ ಬರಲಿಲ್ಲವೇ? ಬಂದಿತ್ತು. ಬಂದ ನೆನಪನ್ನು ಆಚೆಗೆ ಸರಿಸಿ ಕುಣಿದಿದ್ದಳು.

ಹೋದ ಮಂಗಳವಾರ ಎಲ್ಲರೂ ಊಟಕ್ಕೆ ಹೋದಾಗ, ಸೀಸೆಯಲ್ಲಿ ಉಳಿದದ್ದನ್ನೆಲ್ಲ ತೆಗೆದು, ಸಾರ ಹಾಕದ ಆ ಒಂದು ಸಾಲನ್ನು ನಡೆಸಿ ನೋಡಿದಳು. ಕುಳಿಗಳ ಮುಂದೆ ಕೂತು ಕಾದಳು. ಹಳದಿ ಬರಲಿ ಎಂದು ಅಷ್ಟು ಆಸೆಯಿಂದ ಅವಳು ಯಾವುದಕ್ಕೂ ಕಾದಿರಲಿಲ್ಲ. ಒಮ್ಮೆ ಬಂದಂತೆ ಕಂಡು ಕಿಟಕಿಯ ಬಳಿಗೊಯ್ದಳು; ಹೊರಗಿನ ಗದ್ದೆಯ ಬಿಸಿಲು ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದಷ್ಟೇ. ನೀರು ನೀರಾಗಿಯೇ ಉಳಿಯಿತು. ತಟ್ಟೆಯನ್ನು ತೊಳೆದು ಕಸಕ್ಕೆ ಹಾಕಿ, ಜೊತೆಯಲ್ಲಿ ಕೆಲಸ ಮಾಡುವ ಅಂಜನಳ ಪಕ್ಕ ಕೂತು ಊಟ ಮಾಡಿದಳು. ಮೀನು ಚೆನ್ನಾಗಿದೆಯಾ ಎಂದು ಅಂಜನ ಕೇಳಿದಳು. ಮೀನು ತಿನ್ನದವಳು ಶೈಲಜ. ಅಂಜನಳ ಡಬ್ಬಿಯಿಂದ ತೆಗೆದು ತಿನ್ನುತ್ತಿದ್ದುದು ಆಗ ಗೊತ್ತಾಯಿತು.

ಈ ಬೆಳಗ್ಗೆ ಲ್ಯಾಬಿಗೆ ಕಾಲಿಟ್ಟಾಗ ಸುಧೀಷ್ ಬಾಗಿಲಲ್ಲೇ ಸಿಕ್ಕಿದರು. ಕೊಚ್ಚಿಯ ಸಮ್ಮೇಳನದವರು ಪ್ರಬಂಧ ಒಪ್ಪಿಕೊಂಡಿದ್ದಾರೆಂದು ಮುಖವೆಲ್ಲ ಅರಳಿತ್ತು. ಮಲಯಾಳದಲ್ಲಿ, “ವೇದಿಕೆಯ ಮೇಲೆ ನೀವೂ ಬರಬೇಕು ಶೈಲಜಾ. ಆ ಕುಳಿಗಳ ಫೋಟೋ ಇನ್ನೊಂದು ಒಳ್ಳೆಯದು ಬೇಕು” ಎಂದರು.

“ಸರ್, ಆ ಕಂಟ್ರೋಲು...”

“ಇದೆಯಲ್ಲ, ಹಳೇ ಸೀಸೆಯದು.”

“ಹೊಸದರಲ್ಲೂ ಒಂದು ಸಾಲು ನಡೆಸಿದರೆ...”

“ಉಳಿದಿರುವುದೇ ಎರಡು ಹನಿ. ಅದನ್ನು ಮುಟ್ಟಬೇಡಿ.” ಆಮೇಲೆ ಅಂಜನಳ ಕಡೆ ತಿರುಗಿ, “ನಮ್ಮ ಕನ್ನಡದವಳಿಗೆ ಗೆದ್ದರೂ ಹೆದರಿಕೆ ನೋಡು” ಎಂದು ನಕ್ಕರು. ನಾಲ್ಕು ತಲೆಮಾರು ಈ ಮಣ್ಣಲ್ಲೇ ಉತ್ತು ಬಿತ್ತಿದವರ ಮಗಳು, ಈಗಲೂ ಕನ್ನಡದವಳು. ಎಂದಿನಂತೆ ಅದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ನಕ್ಕದ್ದರಿಂದ ಮಾತು ಅಲ್ಲಿಗೆ ಮುಗಿಯಿತಲ್ಲ ಎಂದು ಅವಳೂ ನಕ್ಕಳು, ನಕ್ಕು ತನ್ನ ಸ್ಟೂಲಿನ ಮೇಲೆ ಹೋಗಿ ಕೂತಳು. ಆ ಎರಡು ಹನಿಯೂ ಈಗ ಇಲ್ಲ ಎಂದು ಯಾರಾದರೂ ಫ್ರೀಜರು ತೆಗೆದರೆ ಗೊತ್ತಾಗುತ್ತದೆ. ಹೇಳಿಬಿಟ್ಟರೆ ಚಿಕ್ಕಮ್ಮನ ಕುಂಕುಮದ ಮಾತು ಬರುತ್ತದೆ. ಇವರೆಲ್ಲ ಊಟದ ಹೊತ್ತಿನಲ್ಲಿ ಅದನ್ನೇ ಹೇಳಿ ಹೇಳಿ ನಗುತ್ತಾರೆ. ಮನೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಲಿಕ್ಕಿಲ್ಲ. ಪಾಪ, ಅವಳಿಗೇಕೆ ಆ ಅವಮಾನ? ದಿನವೂ ಶೈಲಜ ತನಗೆ ಕೊಟ್ಟುಕೊಳ್ಳುತ್ತಿದ್ದ ಕಾರಣ ಇದು. ಎಷ್ಟು ಚೆಂದದ ಕಾರಣ, ಎಷ್ಟು ಕರುಣೆಯದು. ಇವತ್ತು ಮಾತ್ರ ಅದನ್ನು ಹೇಳಿಕೊಳ್ಳುತ್ತಿರುವಾಗಲೇ ಅವಳಿಗೆ ಹೇಸಿಗೆಯಾಯಿತು. ಕರಗಿದ್ದು ಕಂಡಿದ್ದು ಯಾರು? ಕಂಡೂ ಬಳಸಿದ್ದು ಯಾರು?

ಊಟದ ಹೊತ್ತಿಗೆ ಮುಂಚೆ ಫೋನು ಬಂತು. ಚಿಕ್ಕಮ್ಮ. ಅವಳು ಕೆಲಸದ ಹೊತ್ತಿನಲ್ಲಿ ಫೋನು ಮಾಡುವವಳಲ್ಲ.

“ಮೋಳೆ, ನಿಮ್ಮ ಚಿಕ್ಕಪ್ಪ ಅಂಗಡೀಲಿ ಚೀಲದ ಮ್ಯಾಲೇ ಮಲ್ಗಬುಟ್ಟವ್ರೆ. ಎಬ್ಬಿಸುದ್ರೆ ಹೂಂ ಅಂತರೆ, ಮತ್ತೆ ಕಣ್ಮುಚ್ತರೆ. ನಿದ್ದೆ ಬಂದದೆ ಅಂತ ನಾನೂ ಸುಮ್ನಿದ್ದೆ. ಪಿನ್ನೆ, ಆಮೇಲೆ ಯಾಕೋ...”

ಏನೆಂದು ಹೇಳಿ ಹೊರಟಳೋ, ಬ್ಯಾಗು ಎತ್ತಿಕೊಂಡಳೋ ಇಲ್ಲವೋ, ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ನೆನಪಿರಲಿಲ್ಲ. ಮೈಮೇಲೆ ಬಿಳಿ ಕೋಟು ಹಾಗೆಯೇ ಇತ್ತು. ಪಕ್ಕದ ಹೆಂಗಸು, ಡಾಕ್ಟರಾ ಎಂದು ಕೇಳಿದಳು. ಶೈಲಜ ಕೋಟು ಬಿಚ್ಚಿ ತೊಡೆಯ ಮೇಲೆ ಮುದ್ದೆ ಮಾಡಿಟ್ಟುಕೊಂಡಳು. ಬಸ್ಸು ನಿಂತಲ್ಲೆಲ್ಲ ನಿಂತಿತು. ಬತ್ತೇರಿಯಲ್ಲಿ ಇನ್ನೊಂದು ಬಸ್ಸು ಹಿಡಿಯುವಾಗ ಡ್ರೈವರು ಚಾಯ ಕುಡಿಯುತ್ತಿದ್ದ, ಬಿಸಿಯಾಗಿದೆಯೆಂದು ಊದಿ ಊದಿ ಕುಡಿಯುತ್ತಿದ್ದ. ಸತ್ತಿದ್ದರೆ? ಎಂಬ ಮಾತು ಅವಳೊಳಗೆ ಸ್ಪಷ್ಟವಾಗಿ ಕೇಳಿತು, ಅದರ ಹಿಂದೆಯೇ ಇನ್ನೊಂದು: ಸತ್ತಿದ್ದರೆ ಇನ್ನು ಹೇಳಬೇಕಾಗಿಲ್ಲ. ಆ ಎರಡನೆಯ ಮಾತು ತನ್ನದೇ ಎಂದು ಅವಳಿಗೆ ಗೊತ್ತಾಯಿತು. ಸೀಟಿನ ಕಂಬಿ ಹಿಡಿದು, ಇಲ್ಲ, ಇಲ್ಲ ಎಂದು ಗಟ್ಟಿಯಾಗಿಯೇ ಅಂದಿರಬೇಕು. ಮುಂದಿನ ಸೀಟಿನವನು ತಿರುಗಿ ನೋಡಿದ. ಬದುಕಿರಲಿ, ಹೇಳುತ್ತೇನೆ, ಬಾಗಿಲಲ್ಲೇ ಹೇಳುತ್ತೇನೆ.

ಬದುಕಿದ್ದ. ಚೀಲಕ್ಕೆ ಒರಗಿ ಕೂತಿದ್ದ, ಕಣ್ಣು ಅರ್ಧ ತೆರೆದಿತ್ತು. ಬಗ್ಗಿದಾಗ ಉಸಿರಿನಲ್ಲಿ ಹಳಸಿದ ಹಣ್ಣಿನ ವಾಸನೆ ಹೊಡೆಯಿತು, ಸಕ್ಕರೆ ಮಿತಿಮೀರಿದ್ದರ ಗುರುತು. “ನೀರು” ಎಂದ. ಪಕ್ಕದಲ್ಲಿ ಖಾಲಿ ಚೊಂಬು ಉರುಳಿತ್ತು. ಬಾಗಿಲಲ್ಲೇ ಹೇಳುತ್ತೇನೆಂದಿದ್ದವಳು ಬಾಗಿಲು ದಾಟಿ, “ಚಿಕ್ಕಪ್ಪ, ಈಗ್ಲೇ ಸೂಜಿ ತಕೋಬೇಕು, ಆಮೇಲೆ ಆಸ್ಪತ್ರೆ” ಎಂದಷ್ಟೇ ಹೇಳಿದಳು. ಅವನು ಜಗಳವಾಡಲಿಲ್ಲ. ಸೂಜಿಯೆಂದರೆ ಮೈಲಿ ದೂರ ಓಡುವವನು ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಜಗಳವಾಡದ್ದೇ ಅವಳನ್ನು ಇನ್ನಷ್ಟು ಹೆದರಿಸಿತು.

ಚಿಕ್ಕಮ್ಮ ಒಳಗಿನಿಂದ ಇನ್ಸುಲಿನ್ ಬಾಟಲಿ ತಂದಳು. ತಣ್ಣಗೆ ಕೊರೆಯುತ್ತಿತ್ತು, ಅದರ ಮೈಗೆ ಹಿಮ ಹತ್ತಿತ್ತು. ಶೈಲಜ ಅದನ್ನು ಓರೆ ಮಾಡಿದಳು. ಒಳಗಿನದು ಅಲ್ಲಾಡಲಿಲ್ಲ.

“ಇದೆಲ್ಲಿತ್ತು?”

“ಮ್ಯಾಗ್ಳ ಖಾನೇಲಿ, ಐಸ್ನಲ್ಲಿ. ನೀನೇ ಅವತ್ತು ಯೋಳಿದ್ದಲ್ಲ, ಇಂಥದೆಲ್ಲ ಐಸಲ್ಲೇ ಇರ್ಬೇಕು ಅಂತ. ಅವ್ರು ಸೂಜಿ ಬುಟ್ಟ ದಿನಾನೇ ಎತ್ತಿ ಮ್ಯಾಲಿಟ್ಟೆ. ಒಂದು ದಿನ್ವೂ ಕರಗಕ್ಕೆ ಬುಟ್ಟಿಲ್ಲ.” ಹೇಳುವಾಗ ಅವಳ ಮುಖದಲ್ಲಿ ಇಷ್ಟು ಹೊತ್ತಿನ ಗಾಬರಿಯ ನಡುವೆಯೂ ಒಂದು ಸಣ್ಣ ಹೆಮ್ಮೆಯಿತ್ತು.

ಇನ್ಸುಲಿನ್ ಹೆಪ್ಪುಗಟ್ಟಿದರೆ ಮುಗಿಯಿತು. ಅಂಗೈಯಲ್ಲಿ ಹಿಡಿದರೆ ಕರಗುತ್ತದೆ, ಕರಗಿ ಮೊದಲಿನಂತೆಯೇ ತಿಳಿಯಾಗಿ ಕಾಣಲೂಬಹುದು, ಸೂಜಿಯೊಳಗೆ ಏರುತ್ತದೆ, ಮೈಯೊಳಗೆ ಇಳಿಯುತ್ತದೆ, ಏನೂ ಮಾಡುವುದಿಲ್ಲ. ಚುಚ್ಚಿದರೆ ಇವರಿಬ್ಬರಿಗೂ ಈ ಗಳಿಗೆಗೆ ಒಂದು ಧೈರ್ಯ ಬರುತ್ತದೆ, ತನಗೂ ಏನೋ ಮಾಡಿದ ಹಾಗಾಗುತ್ತದೆ ಎಂದು ಅವಳಿಗೆ ಹೊಳೆಯಿತು. ಬಾಟಲಿಯನ್ನು ಕೆಳಗಿಟ್ಟಳು. ಕೆಟ್ಟದ್ದನ್ನು ನೆಟ್ಟಗಿದ್ದಂತೆ ದಾಟಿಸುವುದು ಈಗ ಕೈಗೆ ಹತ್ತಿಹೋಗಿದೆ.

“ಇದನ್ನ ಚುಚ್ಚಂಗಿಲ್ಲ ಚಿಕ್ಕಮ್ಮ. ಕೆಟ್ಟೋಗದೆ.”

“ಐಸ್ನಲ್ಲಿ ಇಟ್ರೂವೆ?”

“ಐಸ್ನಲ್ಲಿ ಇಟ್ಟಿದ್ಕೇ.”

ಚಿಕ್ಕಮ್ಮ ತನ್ನ ಕೈಯನ್ನೇ ನೋಡಿಕೊಂಡಳು, ಆಮೇಲೆ ಸೀರೆಗೆ ಒರೆಸಿಕೊಂಡಳು.

ರಸ್ತೆಗೆ ಓಡಿ ಷಿಬುವಿನ ಆಟೋ ನಿಲ್ಲಿಸಿದರು. ಷಿಬು ಚಿಕ್ಕಪ್ಪನ ಅಂಗಡಿಗೆ ಬಾಡಿಗೆ ಹೊಡೆಯುವವನು, ಮನೆಯವನಂತೆಯೇ. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪನನ್ನು ನಡುವೆ ಕೂರಿಸಿಕೊಂಡು ಆಚೆ ಚಿಕ್ಕಮ್ಮ ಈಚೆ ಶೈಲಜ ಕೂತರು. ಗಾಳಿ ಬಡಿದು ಚಿಕ್ಕಪ್ಪನಿಗೆ ತುಸು ಎಚ್ಚರವಾಯಿತು. ಅವನ ತೋಳು ಅವಳ ತೋಳಿಗೆ ತಾಗಿತ್ತು. ಎಲುಬು ಮಾತ್ರ ಉಳಿದಿತ್ತು. ಷಿಬು ಕನ್ನಡಿಯಲ್ಲಿ ನೋಡುತ್ತ, ಮಲಯಾಳ ಬೆರೆಸಿದ ಕನ್ನಡದಲ್ಲಿ, “ಒಂದೆರಡು ದಿನದ ಸುಸ್ತು ಇರ್ಬೇಕು ಚೇಟ್ಟ. ಕಷಾಯ ಬಿಡ್ಬೇಡಿ. ನಮ್ಮಮ್ಮಂಗೂ ನಾಳೆಯಿಂದ ಗುಳಿಗೆ ನಿಲ್ಲಿಸಿ ಅದೇ ಕೊಡಾಣ ಅಂತ” ಎಂದ.

“ಕೊಡು” ಎಂದ ಚಿಕ್ಕಪ್ಪ. ನಾಲಿಗೆ ತೊದಲುತ್ತಿತ್ತು. “ನಮ್ ಮೋಳು... ಕಂಡುಹಿಡ್ದಿದ್ದು.”

ಷಿಬುವಿನ ಅಮ್ಮನನ್ನು ಅವಳು ಬಲ್ಲಳು. ಹಬ್ಬಕ್ಕೆ ಪಾಯಸ ಕಳಿಸಿಕೊಡುವ ದಪ್ಪನೆಯ ಹೆಂಗಸು. ನಾಳೆಯಿಂದ. ಅವಳ ಗಂಟಲಿನಿಂದ ಮಾತು ಹೊರಟಿತು. ಹೇಳುತ್ತೇನೆಂದು ತೀರ್ಮಾನಿಸಿ ಹೇಳಿದ್ದಲ್ಲ, ವಾಂತಿಯಾಗುವ ಹಾಗೆ ಬಂದದ್ದು.

“ಕೊಡ್ಬೇಡ ಷಿಬು. ಅದು ಔಷಧಿ ಅಲ್ಲ. ಲ್ಯಾಬಿನದು ಸುಳ್ಳು. ಎಂಜೈಮು ಮೊದ್ಲೇ ಸತ್ತಿತ್ತು, ತೊಗಟೆ ಏನೂ ಮಾಡಿಲ್ಲ. ಕರಗಿ ಕೆಟ್ಟಿದ್ದು ನೋಡ್ಕಂಡೇ ನಾನು ಬಳಸ್ದೆ. ಯಾರಿಗೂ ಕೊಡ್ಬೇಡಿ. ಕೊಟ್ಟೋರಿಗೆಲ್ಲ ಹೇಳ್ಬೇಕು.”

ಷಿಬು ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ. ಚಿಕ್ಕಮ್ಮ, “ಏನ್ ಯೋಳ್ತಾವಳೆ ಇವ್ಳು?” ಎಂದು ಗಂಡನನ್ನು ಕೇಳಿದಳು. ಹೇಳಿಬಿಟ್ಟರೆ ಭಯ ಇಳಿಯುತ್ತದೆಂದು ಇಷ್ಟು ದಿನ ನಂಬಿದ್ದಳು ಶೈಲಜ. ಇಳಿಯಲಿಲ್ಲ. ಅದು ಈಗ ಚಿಕ್ಕಪ್ಪನ ಬಾಯಿಂದ ಬರಬೇಕಾದ ಮಾತಿಗೆ ಕಾದು ಕೂತಿತು. ಅವನು ಬಹಳ ಹೊತ್ತು ಸುಮ್ಮನಿದ್ದ; ಕೇಳಿಸಲಿಲ್ಲವೇನೋ, ನಿದ್ದೆ ಹತ್ತಿತೇನೋ ಎಂದು ಅವಳಿಗೆ ಆಸೆ ಹುಟ್ಟುವಷ್ಟು ಹೊತ್ತು.

“ನಿಂಗ್ ಯಾವಾಗ್ ಗೊತ್ತಾಯ್ತು?”

ಇವತ್ತು ಎನ್ನಬಹುದಿತ್ತು. ಇವತ್ತೇ, ಈಗ ತಾನೆ ಲ್ಯಾಬಿನಲ್ಲಿ ಎಂದರೆ ಅವನು ನಂಬುತ್ತಿದ್ದ. ನಂಬುವುದಕ್ಕೇ ಕಾಯುತ್ತಿದ್ದನೇನೋ.

“ಹೋದ ಮಂಗ್ಳವಾರ” ಎಂದಳು.

ಅವನು ಕಣ್ಣು ಮುಚ್ಚಿದ. ಹಣೆ ಸುಕ್ಕಾಯಿತು. ಸಂತೆಯ ದಿನ ಲೆಕ್ಕ ತಪ್ಪಿದಾಗ ಹಿಂದಿನಿಂದ ಒಂದೊಂದೇ ನೆನೆಸಿಕೊಂಡು ಬರುವ ಹಾಗೆ ಏನನ್ನೋ ಹುಡುಕುತ್ತಿದ್ದ.

“ಮೊನ್ನೆ ನೀನೇ ಅಲ್ವಾ ಲೋಟ ತಂದ್ಕೊಟ್ಟಿದ್ದು” ಎಂದ.

ಮೊನ್ನೆ ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಳು. ಮೋಳೆ, ಕಷಾಯ ಆಗದೆ ನೋಡು ಎಂದು ಅವನು ಜಗಲಿಯಿಂದ ಕೂಗಿದ್ದ. ಅವಳು ಒಲೆ ಆರಿಸಿದ್ದಳು, ಬಟ್ಟೆಯಲ್ಲಿ ಸೋಸಿದ್ದಳು, ಬಿಸಿ ಹೆಚ್ಚಾಗಿದೆಯೇನೋ ಎಂದು ಬೆರಳು ಅದ್ದಿ ನೋಡಿ, ಆರಿಸಿ, ಕೊಟ್ಟಿದ್ದಳು. ಅವನು ಅವಳ ಮುಖ ನೋಡುತ್ತಲೇ ಪೂರ್ತಿ ಕುಡಿದು ಲೋಟ ಹಿಂದಕ್ಕೆ ಕೊಟ್ಟಿದ್ದ. ಅದನ್ನು ತೊಳೆದು ಬೋರಲು ಹಾಕಿ ಬಸ್ಸಿಗೆ ಓಡಿದ್ದಳು. ಇಷ್ಟು ದಿನ ಎಲ್ಲವನ್ನೂ ಹಗಲೂ ರಾತ್ರಿ ತಿರುವಿ ಹಾಕುತ್ತಿದ್ದವಳು ಇದೊಂದನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ.

“ಹೂಂ” ಎಂದಳು.

ಬತ್ತೇರಿಯ ಆಸ್ಪತ್ರೆಯ ಬಾಗಿಲಲ್ಲಿ ಆಟೋ ನಿಂತಾಗ ಅವಳು ಮೊದಲು ಇಳಿದು, ಇಳಿಸಿಕೊಳ್ಳಲು ಕೈ ಚಾಚಿದಳು. ಅವನು ಆ ಕೈಯನ್ನು ನೋಡಿದ. ಆಮೇಲೆ ಚಿಕ್ಕಮ್ಮ ಇಳಿದಿದ್ದ ಆಚೆ ಕಡೆಗೆ ಜರುಗಿ, ಷಿಬುವಿನ ಹೆಗಲು ಹಿಡಿದುಕೊಂಡು ಇಳಿದ.